ಬೇಯ್ಸೋ ಮೇಷ್ಟ್ರು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತಾರರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಲೆಕ್ಕದ ಮೇಷ್ಟ್ರು ಮುಕ್ಕಾಲರಲ್ಲಿ ಕಾಲು ಕಳೆದರೆ ಎಷ್ಟು ಎಂದು ಕೇಳಿದರು. ಮುಕ್ಕಾಲು ಏನು ಸಾರ್, ಅಕ್ಕಿನಾ ಉದ್ದಿನಬೇಳೆನಾ ಎಂದು ನಾನು ಕೇಳಿದೆ. ಬೆತ್ತ ಬಿತ್ತು. ಮಾರನೆಯ ದಿನ ಶಾಲೆಗೆ ಹೋಗದೆ ಯಲಹಂಕದ ಒಂದು ಹೋಟೆಲಿನ ರುಬ್ಬುಗುಂಡಿನ ಮುಂದೆ ಹೋಗಿ ಕೂತೆ. ಅಂದು ರುಬ್ಬಲು ಶುರು ಮಾಡಿದವನು ಇಂದಿನವರೆಗೂ ರುಬ್ಬಿಸುತ್ತಲೇ ಇದ್ದೇನೆ. ಮುಕ್ಕಾಲು ಏನು ಎಂದು ಕೇಳಿದ್ದು ತಪ್ಪಲ್ಲ ಎಂದು ನನಗೆ ಹೇಳಿದ ಮೊದಲ ಮೇಷ್ಟ್ರು ಸಿಕ್ಕಿದ್ದು ಮೂವತ್ತೈದು ವರ್ಷ ಕಳೆದ ಮೇಲೆ. ಅವರ ಬಗ್ಗೆ ಬರೆಯಲು ಕೂತಿದ್ದೇನೆ.

ಕಳೆದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಶಿಷ್ಯರೆಲ್ಲ ಸೇರಿ ಈ ನೆನಪಿನ ಪುಸ್ತಕ ತರುತ್ತಿದ್ದಾರೆ. ನನ್ನ ಹಿಂದೆ ಮುಂದೆ ಬರೆದವರೆಲ್ಲ ಹೆಸರಿಗೆ ಮೊದಲು 'ಡಾ.' ಹಾಕಿಕೊಂಡವರು. ನನ್ನ ಹತ್ತಿರ ಬಂದ ಹುಡುಗಿ, ಅವಳೂ ಡಾಕ್ಟರೇ, ಬಹಳ ಮೆತ್ತಗೆ, ನೀವು ಹೇಳುತ್ತಾ ಹೋಗಿ ಅಂಕಲ್ ನಾವು ಬರೆದುಕೊಳ್ಳುತ್ತೇವೆ ಎಂದಳು. ಬರೆಯಲು ನನಗೆ ಬರುತ್ತದೆ, ನೀವು ಕೊಟ್ಟ ಎರಡು ಪುಟ ಸಾಲುವುದಿಲ್ಲ ಎಂದೆ. ಮೇಷ್ಟ್ರ ಹೆಸರು ಪುಸ್ತಕದ ರಟ್ಟಿನ ಮೇಲಿರುತ್ತದೆ, ನಾನು ಇಲ್ಲಿ ಬರೆಯುವುದಿಲ್ಲ. ಅವರೂ ತಮ್ಮ ಹಾಳೆಗಳಲ್ಲಿ ಯಾರ ಹೆಸರನ್ನೂ ಬರೆಯುತ್ತಿರಲಿಲ್ಲ. ಎಲ್ಲರಿಗೂ ನಂಬರ್ ಕೊಡುತ್ತಿದ್ದರು. ನನಗೂ ಒಂದು ನಂಬರ್ ಕೊಟ್ಟಿದ್ದರು. ಅದರಿಂದ ನನ್ನ ಮರ್ಯಾದೆಗೆ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಪುಟ್ಟೇನಹಳ್ಳಿ ಕೆರೆಯ ಹಿಂದಿನ ರಸ್ತೆಯಲ್ಲಿ ನನ್ನ ದೋಸೆ ಹಿಟ್ಟಿನ ಘಟಕವಿದೆ. ಹಿಟ್ಟಿನ ಹೆಸರು ಹಾಕಿದರೆ ಜಾಹೀರಾತು ಅನ್ನುತ್ತೀರಿ, ಬೇಡ. ಆಗ ಕೊಡಿಗೇಹಳ್ಳಿ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ ಎಲ್ಲ ಸೇರಿ ಮೂವತ್ತೆರಡು ಅಂಗಡಿಗೆ ನನ್ನ ಪ್ಯಾಕೆಟ್ಟು ಹೋಗುತ್ತಿತ್ತು. ರುಬ್ಬುವವರು ಇಬ್ಬರು, ರತ್ನಮ್ಮ ಮತ್ತು ಶೋಭಾ. ರತ್ನಮ್ಮ ರುಬ್ಬಿದ್ದು ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಹೊರಡುತ್ತಿತ್ತು, ಶೋಭಾ ರುಬ್ಬಿದ್ದು ಉಳಿದ ದಿನ. ವ್ಯಾನ್ ಓಡಿಸುವವನು ಗಂಗಾಧರ.

ನಾಲ್ಕು ವರ್ಷದ ಹಿಂದೆ ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಹಾಗೆ ಹಿಟ್ಟು ಹುಳಿಯಾಗಿ ವಾಪಸ್ ಬರತೊಡಗಿತು. ಪ್ಯಾಕೆಟ್ಟು ದಿಂಬಿನಂತೆ ಊದಿಕೊಳ್ಳುತ್ತಿತ್ತು. ಆರ್.ಟಿ. ನಗರದ ಅಂಗಡಿಯವರೊಬ್ಬರು ದಿನಾ ಊದಿದ ಪ್ಯಾಕೆಟ್ಟಿನ ಫೋಟೋ ಕಳಿಸಿ, ಇದು ದೋಸೆ ಹಿಟ್ಟೋ ಬಲೂನೋ ಎಂದು ಕೇಳುತ್ತಿದ್ದರು. ನಾನು ಲೆಕ್ಕ ಹಾಕಿದೆ. ಹೆಚ್ಚು ವಾಪಸ್ ಬರುವುದು ರತ್ನಮ್ಮನ ದಿನದ್ದೇ. ನಮ್ಮ ಕಸುಬಿನಲ್ಲಿ ಒಂದು ಮಾತಿದೆ: ಕೆಲವರದು ತಣ್ಣನೆಯ ಕೈ, ಕೆಲವರದು ಬಿಸಿ ಕೈ, ಬಿಸಿ ಕೈ ಕಲಸಿದ ಹಿಟ್ಟು ಬೇಗ ಹುಳಿಯಾಗುತ್ತದೆ. ವಯಸ್ಸಾದ ಮೇಲೆ ರತ್ನಮ್ಮನ ಕೈ ಬಿಸಿಯಾಗಿದೆ ಎಂದು ನಾನು ತೀರ್ಮಾನಿಸಿದೆ. ತೀರ್ಮಾನಿಸಿ ಸುಮ್ಮನಿರಲಿಲ್ಲ. ಎಲ್ಲರ ಮುಂದೆ, ಉದ್ದು ತಂದ ಲಾರಿಯವರೂ ನಿಂತಿದ್ದಾಗ, ಯುಗಾದಿವರೆಗೆ ನೋಡುತ್ತೇನೆ, ಅಷ್ಟರಲ್ಲಿ ಸರಿಹೋಗದಿದ್ದರೆ ನೀನು ಬೇರೆ ಕಡೆ ನೋಡಿಕೋ ಎಂದೆ. ಅಂಗಡಿಗಳಲ್ಲೂ ಅದನ್ನೇ ಹೇಳಿಕೊಂಡು ಬಂದೆ: ಒಬ್ಬಳದು ಬಿಸಿ ಕೈ, ತೆಗೆಯುತ್ತಿದ್ದೇನೆ, ಸ್ವಲ್ಪ ತಡೆದುಕೊಳ್ಳಿ.

ರತ್ನಮ್ಮ ಒಂದೇ ಗ್ರೈಂಡರ್ ಇದ್ದ ಕಾಲದಿಂದ, ಹನ್ನೊಂದು ವರ್ಷ, ನನ್ನ ಜೊತೆ ದುಡಿದವಳು. ಐವತ್ತರ ಹೆಂಗಸಿಗೆ ಬಿಸಿ ಕೈ ಎಂದು ಹೆಸರು ಬಿದ್ದರೆ ಯಲಹಂಕದಲ್ಲಿ ಯಾವ ಹೋಟೆಲೂ ಕೆಲಸ ಕೊಡುವುದಿಲ್ಲ. ಅದು ನನಗೂ ಗೊತ್ತಿತ್ತು. ಅವಳು ಅಳಲಿಲ್ಲ. ಎರಡು ಕೈಯನ್ನೂ ಸೀರೆಗೆ ಒರೆಸಿಕೊಂಡು ನನ್ನ ಕೆನ್ನೆಗೆ ಒಂದು ಸಲ ಒತ್ತಿದಳು.

"ಬಿಸಿ ಐತಾ ಅಣ್ಣ?"

ತಣ್ಣಗೇ ಇತ್ತು. ನೀರಿನಲ್ಲಿ ಅದ್ದಿದ ಕೈ ಇನ್ನು ಹೇಗಿರುತ್ತದೆ ಎಂದು ಬೈದು ಒಳಗೆ ಹೋದೆ.

ಆದರೂ ಮನಸ್ಸಿನಲ್ಲಿ ಕಸಿವಿಸಿ. ತಪ್ಪು ಹಿಟ್ಟಿನ ಹೆಸರಿನದೂ ಇರಬಹುದು, ಇಂಗ್ಲಿಷಿನಲ್ಲಿ ಒಂದು ಎ ಜಾಸ್ತಿ ಹಾಕಿಸು, ಎಲ್ಲ ಸರಿಹೋಗುತ್ತದೆ ಎಂದು ನನ್ನ ಭಾವಮೈದ ಹೇಳಿದ. ಪಕ್ಕದ ರಸ್ತೆಯಲ್ಲೇ ಒಂದು ಗೇಟಿನ ಮೇಲೆ ಬೋರ್ಡು ಇತ್ತು: 'ನಿವೃತ್ತ ಸಂಖ್ಯಾಶಾಸ್ತ್ರ ಪ್ರಾಧ್ಯಾಪಕರು'. ಕಾಲೇಜಿನಲ್ಲೇ ಪಾಠ ಮಾಡಿದ ಸಂಖ್ಯಾಶಾಸ್ತ್ರಜ್ಞರು ಎಂದರೆ ಟೀವಿಯಲ್ಲಿ ಬರುವವರಿಗಿಂತ ಒಂದು ಕೈ ಮೇಲೇ ಇರಬೇಕು ಎಂದುಕೊಂಡು, ಹಣ್ಣು, ಎಲೆ ಅಡಿಕೆ, ಒಂದು ಪ್ಯಾಕೆಟ್ ಹಿಟ್ಟು ತಟ್ಟೆಯಲ್ಲಿಟ್ಟುಕೊಂಡು ಹೋದೆ.

ಬಾಗಿಲು ತೆಗೆದವರು ತೆಳ್ಳಗೆ, ಉದ್ದಕ್ಕೆ ಇದ್ದರು. ಕಿವಿಯ ಮೇಲೆ ಬಡಗಿಯವರ ಹಾಗೆ ಪೆನ್ಸಿಲ್. ತಟ್ಟೆ ನೋಡಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ವಾರಕ್ಕೆ ಇಬ್ಬರು ಮೂವರು ಹೀಗೆ ಬರುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಮಗುವಿಗೆ ಹೆಸರು ಇಡಿಸಲು, ಕಾರಿಗೆ ನಂಬರ್ ಕೇಳಲು. ನಮ್ಮ ಭಾಷೆಯಲ್ಲಿ ಜ್ಯೋತಿಷ್ಯದ ಅಂಕಿಗೂ ಕಾಲೇಜಿನ ಅಂಕಿಗೂ ಒಂದೇ ಹೆಸರು, ಅದಕ್ಕೆ ನಾನೇನು ಮಾಡಲಿ, ಬೋರ್ಡು ತೆಗೆಯಿರಿ ಎಂದು ನಮ್ಮೆಜಮಾನರಿಗೆ ಎಷ್ಟು ಸಲ ಹೇಳಿದ್ದೇನೆ ಎಂದು ಅವರ ಮನೆಯ ಮೇಡಂ ನನ್ನ ಮುಂದೆಯೇ ಗೊಣಗಿದರು. ಮೇಷ್ಟ್ರು ತೆಗೆದಿರಲಿಲ್ಲ. ಬಂದವರಲ್ಲಿ ಎಷ್ಟು ಜನರಿಗೆ ನಿಜವಾದ ಅರ್ಥ ಗೊತ್ತು ಎಂದು ಅವರು ಎಣಿಸುತ್ತಿದ್ದರು.

ಅಕ್ಷರ ಸೇರಿಸಿದರೆ ಹುಳಿ ನಿಲ್ಲುತ್ತದೆಯೇ ಎಂದು ಕೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೆ ನಾನು ಆಗಲೇ ಎದ್ದು ಬರುತ್ತಿದ್ದೆ. ಬಹಳ ಹೊತ್ತು ಯೋಚನೆ ಮಾಡಿ, "ನಿಲ್ಲೋ ಸಂಭವ ತುಂಬಾ ಕಮ್ಮಿ. ಆದ್ರೆ ಪರೀಕ್ಷೆ ಮಾಡ್ಬಹುದು" ಎಂದರು. ಅರ್ಧ ಪ್ಯಾಕೆಟ್ಟಿಗೆ ಹಳೆಯ ಹೆಸರು, ಅರ್ಧಕ್ಕೆ ಹೊಸದು, ಯಾವ ಅಂಗಡಿಗೆ ಯಾವುದು ಎಂದು ಚೀಟಿ ಎತ್ತಿ ತೀರ್ಮಾನಿಸಿ ಒಂದು ತಿಂಗಳು ನೋಡಬೇಕಂತೆ. ಪ್ಯಾಕೆಟ್ಟು ಅಚ್ಚು ಹಾಕಿಸುವ ಖರ್ಚು ಯಾರ ಅಪ್ಪ ಕೊಡುತ್ತಾನೆ ಎಂದು ನಾನು ಹೇಳಿದೆ. ಹಾಗಾದರೆ ಮೊದಲು ಇರುವ ಅಂಕಿಗಳನ್ನೇ ನೋಡೋಣ, ಪುಸ್ತಕ ಇದೆಯಾ ಎಂದರು.

ಇತ್ತು. ಯಾವ ದಿನ, ಯಾವ ಅಂಗಡಿಗೆ ಎಷ್ಟು ಕೊಟ್ಟೆ, ಎಷ್ಟು ವಾಪಸ್ ಬಂತು, ಮೂರು ವರ್ಷದ್ದು ಆರು ನೋಟ್ ಪುಸ್ತಕ. ಹೆಂಡತಿಗೂ ತೋರಿಸದ ಪುಸ್ತಕ, ತಂದುಕೊಟ್ಟೆ. ಅವರು ಮೊದಲನೆಯ ಪುಟ ತೆಗೆದು, ಮೂಸಿ ನೋಡಿದರು. ಹುಳಿ ವಾಸನೆ ಇದ್ದೇ ಇತ್ತು. "ಇಷ್ಟು ಶುದ್ಧವಾದ ದತ್ತಾಂಶ ನನ್ನ ಪಿಎಚ್.ಡಿ. ವಿದ್ಯಾರ್ಥಿಗಳೂ ತರ್ತಿರ್ಲಿಲ್ಲ" ಎಂದರು. ದತ್ತಾಂಶ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಆದರೂ ಬೆನ್ನು ನೆಟ್ಟಗಾಯಿತು.

ಅವರ ಹತ್ತಿರ 'ಹೌದು', 'ಇಲ್ಲ' ಎಂಬ ಮಾತೇ ಇರಲಿಲ್ಲ. ಊಟ ಆಯಿತೇ ಎಂದರೆ, "ಆಗಿದೆ ಅನ್ಸುತ್ತೆ" ಎನ್ನುವರು. ಅಂಗೈಯನ್ನು ಕೆಳಮುಖ ಮಾಡಿ, ಕಾವಲಿ ಕಾದಿದೆಯೇ ಎಂದು ನೋಡುವವರಂತೆ ಆ ಕಡೆ ಈ ಕಡೆ ಅಲ್ಲಾಡಿಸುವರು. ನಲವತ್ತು ವರ್ಷದಲ್ಲಿ ಒಂದು ದಿನವೂ ಉಪ್ಪು ಸರಿಯಿದೆ ಎಂದಿಲ್ಲ, ಸರಿಯಿರಬಹುದು ಅನ್ನುತ್ತಾರೆ ಎಂದು ಮೇಡಂ ದೂರುತ್ತಿದ್ದರು. ನನ್ನ ಮಗಳ ಮದುವೆಗೆ ಕರೆಯಲು ಹೋದಾಗ, "ಬರೋ ಸಂಭವ ಜಾಸ್ತಿ" ಎಂದರು. ನನ್ನ ಹೆಂಡತಿಗೆ ಕೋಪ ಬಂದು ತಾಂಬೂಲ ವಾಪಸ್ ತೆಗೆದುಕೊಳ್ಳುವುದರಲ್ಲಿದ್ದಳು. ಮದುವೆಯ ದಿನ ಓಲಗದವರಿಗಿಂತ ಮೊದಲೇ ಬಂದು ಛತ್ರದ ಬಾಗಿಲಲ್ಲಿ ನಿಂತಿದ್ದರು. ಖಂಡಿತಾ ಬರುತ್ತೇನೆ ಎಂದ ನನ್ನ ಸ್ವಂತ ಭಾವಮೈದ ಊಟದ ಹೊತ್ತಿಗೆ ಬಂದ.

ಇಂಥವರು ನನ್ನ ಪುಸ್ತಕ ಇಟ್ಟುಕೊಂಡು ಒಂದು ವಾರ ಏನೂ ಹೇಳಲಿಲ್ಲ. ಯುಗಾದಿಗೆ ಇನ್ನು ಮೂರು ವಾರ. ರತ್ನಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಳು, ಹೇಳಬೇಕಾದ್ದನ್ನು ಗ್ರೈಂಡರಿಗೆ ಹೇಳುತ್ತಿದ್ದಳು. ನಾನು ಮೇಷ್ಟ್ರ ಮನೆಗೆ ಹೋದರೆ ಹಳೆಯ ಲ್ಯಾಪ್‌ಟಾಪು ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಪರದೆಯ ಮೇಲೆ ನಾಲ್ಕು ಬಣ್ಣದ ಗೆರೆಗಳು ಒಂದರ ಮೇಲೊಂದು ಹತ್ತಿಕೊಂಡು, ಕಂಬಳಿಹುಳದಂತೆ ಕಾಣುತ್ತಿದ್ದವು. ಚೈನ್ ಓಡುತ್ತಿದೆ ಎಂದರು. ಸ್ಕೂಟರಿಗೆ ಒಂದೇ ಚೈನ್ ಸಾಕು, ಇದಕ್ಕೇಕೆ ನಾಲ್ಕು ಎಂದು ಕೇಳಿದೆ. ಅವರಿಗೆ ಹುರುಪು ಬಂತು. ಸರಿಯಾದ ಉತ್ತರ ಎಲ್ಲಿದೆ ಎಂದು ಮೊದಲೇ ಗೊತ್ತಿಲ್ಲ. ಅದಕ್ಕೆ ನಾಲ್ಕು ಜನರನ್ನು ನಾಲ್ಕು ಕಡೆಯಿಂದ ಹುಡುಕಲು ಬಿಡಬೇಕು. ಒಬ್ಬನನ್ನು ಯಲಹಂಕದಿಂದ, ಒಬ್ಬನನ್ನು ಆರ್.ಟಿ. ನಗರದಿಂದ, ಒಬ್ಬನನ್ನು ಯಶವಂತಪುರದಿಂದ, ಒಬ್ಬನನ್ನು ನಾಗಸಂದ್ರದಿಂದ. ಒಬ್ಬರಿಗೊಬ್ಬರು ಫೋನು ಮಾಡದೆ ಅಲೆದಾಡಿ ನಾಲ್ವರೂ ಹೆಬ್ಬಾಳದಲ್ಲೇ ಬಂದು ಸೇರಿದರೆ, ಉತ್ತರ ಹೆಬ್ಬಾಳದಲ್ಲಿದೆ ಎಂದು ನಂಬಬಹುದು.

"ಹೆಬ್ಬಾಳದಲ್ಲಿ ಯಾರ್ ಸಾರ್ ಸೇರ್ತಾರೆ? ನಾಲ್ಕೂ ಜನ ಫ್ಲೈಓವರ್ ಮೇಲೇ ನಿಂತಿರ್ತಾರೆ."

"ಆವಾಗ ಚೈನ್ ಇನ್ನೂ ಸೇರಿಲ್ಲ ಅಂತೀವಿ. ಕಾಯ್ಬೇಕು."

ಆ ನಾಲ್ವರ ಮೊದಲ ಸಾವಿರ ಹೆಜ್ಜೆಗಳನ್ನು ಲೆಕ್ಕಕ್ಕೆ ಹಿಡಿಯದೆ ಬಿಸಾಡಬೇಕಂತೆ, ಶುರುವಿನಲ್ಲಿ ಎಲ್ಲೆಲ್ಲೋ ಅಲೆದಿರುತ್ತಾರೆ. ಇದಕ್ಕೆ ಮಾತ್ರ ನನಗೆ ವಿವರಣೆ ಬೇಕಾಗಲಿಲ್ಲ. ಕಾವಲಿ ಹದಕ್ಕೆ ಬರುವವರೆಗೆ ಮೊದಲ ಎರಡು ದೋಸೆ ಹಸುವಿಗೆ ಎಂದೆ. ಅವರು ಕಿವಿಯಿಂದ ಪೆನ್ಸಿಲ್ ತೆಗೆದು ಅದನ್ನು ಬರೆದುಕೊಂಡರು. ನಾನು ಹೇಳಿದ್ದನ್ನು ಒಬ್ಬರು ಬರೆದುಕೊಂಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಆಮೇಲೆ ಅವರೇ ಘಟಕಕ್ಕೆ ಬರತೊಡಗಿದರು. ಕೆಲಸಗಾರರ ಊಟದ ಹೊತ್ತಿನಲ್ಲಿ ಸ್ಟೂಲಿನ ಮೇಲೆ ಕೂತು ನೋಡುವರು. ನಿನ್ನೆಯ ಹಿಟ್ಟು ಒಂದು ಸೌಟು ತೆಗೆದು ಹೊಸದಕ್ಕೆ ಬೆರೆಸುವುದನ್ನು ಕಂಡು, ಯಾಕೆ ಎಂದು ರತ್ನಮ್ಮನನ್ನು ಕೇಳಿದರು. ಹೊಸ ಹಿಟ್ಟಿಗೆ ಉಬ್ಬುವುದು ಗೊತ್ತಿರುವುದಿಲ್ಲ, ಹಳೆಯದು ಹೇಳಿಕೊಡುತ್ತದೆ, ಆದರೆ ಜಾಸ್ತಿ ಹಾಕಿದರೆ ಎಲ್ಲ ಹಳಸುತ್ತದೆ ಎಂದಳು. ಮೇಷ್ಟ್ರು ಸ್ಟೂಲಿನಿಂದ ಎದ್ದೇಬಿಟ್ಟರು. ತಾವು ಮೂವತ್ತು ವರ್ಷ ಪಾಠ ಮಾಡಿದ್ದು ಇದನ್ನೇ ಎಂದರು. ಮೊದಲಿನ ನಂಬಿಕೆ ಒಂದು ಸೌಟು, ಕಣ್ಣಾರೆ ಕಂಡದ್ದು ಒಂದು ಕೊಳಗ, ಎರಡನ್ನೂ ಬೆರೆಸಿ ಬಂದದ್ದೇ ಇವತ್ತಿನ ನಂಬಿಕೆ, ನಾಳೆಗೆ ಅದೇ ಸೌಟು. ಅದರ ಹೆಸರು ಬೇಸಿಯನ್ ಎಂದರು.

"ಬೇಯ್ಸೋದಾ?" ಎಂದಳು ರತ್ನಮ್ಮ.

ಬೇಯಿಸುವುದಲ್ಲ, ಬೇಯ್ಸ್ ಎಂಬ ಒಬ್ಬ ಪಾದ್ರಿಯ ಹೆಸರು ಎಂದು ಅವರು ಹೇಳಿ ಪ್ರಯೋಜನವಾಗಲಿಲ್ಲ. ಅಂದಿನಿಂದ ಅವರು ನಮ್ಮ ಘಟಕದಲ್ಲಿ ಬೇಯ್ಸೋ ಮೇಷ್ಟ್ರು. ಅದನ್ನು ಗಟ್ಟಿ ಮಾಡಿದ್ದೂ ಅವರೇ. ಒಂದು ದಿನ ಇಡ್ಲಿ ಪಾತ್ರೆ ಬಿಚ್ಚಿ ತಟ್ಟೆಗಳನ್ನು ಸಾಲಾಗಿ ನೆಲದ ಮೇಲಿಟ್ಟು ಪಾಠ ಮಾಡಿದರು. ಒಂದು ಇಡ್ಲಿ ಕೆಟ್ಟರೆ ತಪ್ಪು ಆ ಕುಳಿಯದ್ದೇ ಎನ್ನಬಾರದು. ತಟ್ಟೆಯದಿರಬಹುದು, ಕೆಳಗಿನ ತಟ್ಟೆಗೆ ನೀರು ಹತ್ತುತ್ತದೆ. ಪಾತ್ರೆಯದಿರಬಹುದು, ಒಲೆಯದಿರಬಹುದು. ಕುಳಿ ತಟ್ಟೆಯೊಳಗೆ, ತಟ್ಟೆ ಪಾತ್ರೆಯೊಳಗೆ, ಪಾತ್ರೆ ಒಲೆಯ ಮೇಲೆ. ಎಲ್ಲ ಅಂತಸ್ತನ್ನೂ ಒಟ್ಟಿಗೆ ಇಟ್ಟು ನೋಡದೆ ಕುಳಿಯನ್ನು ಬೈದರೆ ಅನ್ಯಾಯ. ನಿಮ್ಮ ಪ್ಯಾಕೆಟ್ಟೂ ಹಾಗೆಯೇ, ಅಂಗಡಿಯೊಳಗೆ ಇರುತ್ತದೆ, ಅಂಗಡಿ ಏರಿಯಾದೊಳಗೆ.

ಸಣ್ಣ ಅಂಗಡಿಗಳ ವಿಷಯದಲ್ಲಿ ನನಗೂ ಅವರಿಗೂ ಜಗಳವೇ ಆಯಿತು. ಸಂಜಯನಗರದ ಒಂದು ಅಂಗಡಿಗೆ ದಿನಕ್ಕೆ ನಾಲ್ಕೇ ಪ್ಯಾಕೆಟ್ಟು. ಅದರಲ್ಲಿ ಎರಡು ವಾಪಸ್ ಬಂದರೆ ಅರ್ಧಕ್ಕರ್ಧ ಹುಳಿ ಎಂದು ನಾನು. ನಾಲ್ಕು ಪ್ಯಾಕೆಟ್ಟಿನ ಅಂಗಡಿಯ ಮಾತನ್ನು ಪೂರ್ತಿ ನಂಬಲೂಬಾರದು, ಪೂರ್ತಿ ಬಿಡಲೂಬಾರದು, ಅಕ್ಕಪಕ್ಕದ ಅಂಗಡಿಗಳ ಕಡೆಗೆ ಸ್ವಲ್ಪ ಎಳೆದು ನೋಡಬೇಕು ಎಂದು ಅವರು. ಅಂದರೆ ಅವನು ಸುಳ್ಳು ಹೇಳುತ್ತಾನಾ ಎಂದು ಕೇಳಿದೆ. ಪಾಪ, ಅವನಿಗೆ ನೆರೆಹೊರೆಯ ಸಹಾಯ ಬೇಕು ಎಂದರು.

ಒಂದು ದಿನ ಗೋಡೆಯ ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ನಿಂತು ಅದರ ಫೋಟೋ ತೆಗೆದುಕೊಂಡರು. ಹಬ್ಬ ನೋಡುತ್ತಿದ್ದಾರೆ ಎಂದುಕೊಂಡೆ. ಗಂಗಾಧರ ತಾನು ಕೆಲಸಕ್ಕೆ ಬಂದ ದಿನದ ಸುತ್ತ ಪೆನ್ನಿನಲ್ಲಿ ಸೊನ್ನೆ ಸುತ್ತುವ ಕ್ಯಾಲೆಂಡರ್ ಅದು. ಹಳೆಯ ಕ್ಯಾಲೆಂಡರುಗಳಿವೆಯೇ ಎಂದೂ ಕೇಳಿದರು. ಬೇಳೆ ಮೂಟೆಯ ಕೆಳಗೆ ಹಾಸಿದ್ದವು, ಎಳೆದು ಕೊಟ್ಟೆ.

ಯುಗಾದಿಗೆ ಐದು ದಿನ ಇದ್ದಾಗ ಬಂದರು, ಕೈಯಲ್ಲಿ ಒಂದೇ ಹಾಳೆ. ರತ್ನಮ್ಮ ನಲ್ಲಿಯ ಹತ್ತಿರ ಉದ್ದು ತೊಳೆಯುತ್ತಿದ್ದಳು, ಗಂಗಾಧರ ಕ್ರೇಟು ಜೋಡಿಸುತ್ತಿದ್ದ. ಒಳಗೆ ಹೋಗಿ ಮಾತನಾಡೋಣ ಎಂದರು ಮೇಷ್ಟ್ರು. ನನ್ನ ಹತ್ತಿರ ಗುಟ್ಟೇನಿಲ್ಲ, ಇಲ್ಲೇ ಹೇಳಿ ಎಂದೆ. ಇನ್ನೊಮ್ಮೆ, ಒಳಗೆ ಹೋದರೆ ಒಳ್ಳೆಯದಿತ್ತು ಎಂದರು. ನಾನು ಸ್ಟೂಲು ಎಳೆದು ಅಂಗಳದ ನಡುವೆ ಹಾಕಿದೆ.

ಹಾಳೆಯಲ್ಲಿ ಹೆಸರೇ ಇಲ್ಲ. ರುಬ್ಬಿದ ಕೈ ಒಂದು, ಎರಡು. ಅಂಗಡಿ ಒಂದರಿಂದ ಮೂವತ್ತೆರಡು. ಗಾಡಿ ಕೈ ಒಂದು, ಎರಡು. ಪ್ರತಿಯೊಂದರ ಎದುರಿಗೂ ಒಂದು ಚುಕ್ಕೆ, ಚುಕ್ಕೆಯ ಆಚೆ ಈಚೆ ಒಂದು ಗೆರೆ. ಗೆರೆ ಉದ್ದವಿದ್ದಷ್ಟೂ ನಮಗೆ ಗೊತ್ತಿರುವುದು ಕಮ್ಮಿ ಎಂದರು.

"ರುಬ್ಬಿದ ಕೈ ಎರಡಕ್ಕೂ ವ್ಯತ್ಯಾಸ ಅಂತ ಹೇಳೋಷ್ಟು ಕಾಣಲ್ಲ. ಇಪ್ಪತ್ತೊಂದನೇ ಅಂಗಡೀಲಿ ಏನೋ ಇದೆ, ಫ್ರಿಜ್ ಆರಿಸ್ತಾರೋ ಏನೋ, ಅವರು ಯಾರ ಹಿಟ್ಟು ಕೊಟ್ರೂ ವಾಪಸ್ ಕಳಿಸ್ತಾರೆ. ಗುರುವಾರ ವಾಪಸ್ ಬರೋದೆಲ್ಲ ಅವರೊಬ್ಬರದೇ. ಆದ್ರೆ ದೊಡ್ಡದು ಇರೋದು ಗಾಡಿ ಕೈಲಿ. ಒಂದನೇ ಕೈ ಪರವಾಗಿಲ್ಲ. ಎರಡನೇ ಕೈ..." ಎಂದು ಅಂಗೈ ಕೆಳಗೆ ಮಾಡಿದರು. ಈ ಸಲ ಅದು ಅಲ್ಲಾಡಲಿಲ್ಲ.

ಇಪ್ಪತ್ತೊಂದು ಎಂದರೆ ಆ ಬಲೂನಿನ ಅಂಗಡಿ. ನನಗೆ ರಕ್ತ ತಲೆಗೇರಿತು. ಗಂಗಾಧರ ನನಗೆ ಹೇಳದೆ ತನ್ನ ಬದಲು ಇನ್ಯಾರನ್ನೋ ಗಾಡಿಗೆ ಹತ್ತಿಸುತ್ತಿದ್ದಾನೆ ಎಂದುಕೊಂಡೆ.

"ಯಾವನ್ ಸಾರ್ ಅವ್ನು ಎರಡ್ನೇ ಕೈ? ಗಾಡಿ ಬಿಸ್ಲಲ್ಲಿ ನಿಲ್ಸಿ ಎಲ್ಲೋ ಹರಟೆ ಒಡೀತಾ ಕುಂತವ್ನೆ. ಯುಗಾದಿವರ್ಗೂ ಯಾಕೆ, ಇವತ್ತೇ ತೆಗೀತೀನಿ."

ಮೇಷ್ಟ್ರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅದರ ಮೊನೆಯನ್ನು ನೋಡತೊಡಗಿದರು. "ಅದಕ್ಕೇ ನಾನು ಹೆಸರು ಬರೆಯಲ್ಲ, ಮುನಿರಾಜು ಅವ್ರೇ" ಎಂದರು.

ಗಂಗಾಧರ ಆಂಜನೇಯನ ಭಕ್ತ. ಮಂಗಳವಾರ, ಶನಿವಾರ ಗುಡಿಯ ಕೆಲಸಕ್ಕೆ ಹೋಗುತ್ತಾನೆ, ಕ್ಯಾಲೆಂಡರಿನಲ್ಲಿ ಆ ದಿನ ಸೊನ್ನೆ ಇರುವುದಿಲ್ಲ. ಆ ಎರಡು ದಿನ ಗಾಡಿ ಒಯ್ಯುವವನು ನಾನು. ಆದರೆ ನಾನು ಡ್ರೈವರ್ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ನಾನು ಓನರ್, ಅಂಗಡಿಗಳನ್ನು ವಿಚಾರಿಸಿಕೊಂಡು ಬರಲು ಹೋಗುತ್ತಿದ್ದೆ, ಗಾಡಿ ಜೊತೆಗಿರುತ್ತಿತ್ತು, ಅಷ್ಟೆ. ದಾರಿಯಲ್ಲಿ ಆರ್.ಟಿ. ನಗರದ ದರ್ಶಿನಿಯೊಂದರ ಮುಂದೆ ನಿಲ್ಲಿಸಿ, ಹಳೆಯ ಸ್ನೇಹಿತರ ಜೊತೆ ಒಂದು ಖಾಲಿ ದೋಸೆ, ಎರಡು ಕಾಫಿ, ಒಂದೂವರೆ ಗಂಟೆ ಮಾತು. ಬೇರೆಯವರ ದೋಸೆ ಹೇಗಿದೆ ಎಂದು ತಿಳಿಯದೆ ಹಿಟ್ಟಿನ ವ್ಯಾಪಾರ ಮಾಡುವುದು ಹೇಗೆ? ವ್ಯಾನ್ ಅಷ್ಟು ಹೊತ್ತೂ ಬಿಸಿಲಿನಲ್ಲಿ ನಿಂತಿರುತ್ತಿತ್ತು. ಚಳಿಗಾಲದಲ್ಲಿ ಏನೂ ಆಗುತ್ತಿರಲಿಲ್ಲ, ಶಿವರಾತ್ರಿ ಕಳೆದ ಮೇಲೆ ಆಯಿತು.

ಇದೆಲ್ಲ ನನ್ನ ತಲೆಯೊಳಗೆ ಇಳಿಯುವಷ್ಟರಲ್ಲಿ ರತ್ನಮ್ಮ ತಿರುಗಿಯೂ ನೋಡದೆ, ಉದ್ದು ತೊಳೆಯುತ್ತಲೇ ಕೇಳಿದಳು.

"ಮಂಗ್ಳವಾರ ಶನ್ವಾರ ಗಾಡಿ ತಕ್ಕಂಡೋಗೋರು ಯಾರಣ್ಣ?"

ಗ್ರೈಂಡರ್ ಒಂದೇ ತಿರುಗುತ್ತಿತ್ತು.

"ತೆಗೀರಿ ಮತ್ತೆ. ಯುಗಾದಿಗಂಟ ಯಾಕೆ?"

ಗಂಗಾಧರ ಕ್ರೇಟಿನ ಹಿಂದೆ ಕೂತುಬಿಟ್ಟ. ಅವನ ಬೆನ್ನು ನಡುಗುತ್ತಿದ್ದುದನ್ನು ನೋಡಿದೆ. ಅಳು ಅಲ್ಲ.

ನಾನು ಸುಲಭಕ್ಕೆ ಒಪ್ಪುವವನಲ್ಲ. ಖಂಡಿತವೇ ಸಾರ್ ಎಂದು ಕೇಳಿದೆ. ಖಂಡಿತ ಎಂದು ತಾವು ಯಾವುದಕ್ಕೂ ಹೇಳುವುದಿಲ್ಲ, ನೂರಕ್ಕೆ ತೊಂಬತ್ತೈದು ಪಾಲು ಎಂದರು. ನಾನು ಆ ಐದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹಾಗಾದರೆ ಐದು ಪಾಲು ನನ್ನ ತಪ್ಪಿಲ್ಲ ಅಂತಾಯಿತಲ್ಲ ಎಂದೆ.

"ಆಯ್ತು. ನಿಮಗೆ ಐದು ಪಾಲು ಸಂಶಯದ ಲಾಭ ಕೊಡೋಣ" ಎಂದರು. "ರತ್ನಮ್ಮನವರಿಗೆ ನೀವು ಎಷ್ಟು ಪಾಲು ಕೊಟ್ಟಿದ್ರಿ?"

ಎಂಟನೇ ಕ್ಲಾಸಿನಲ್ಲಿ ಬಿದ್ದ ಬೆತ್ತಕ್ಕಿಂತ ಇದು ಚೆನ್ನಾಗಿ ಬಿತ್ತು. ನಾನು ಕೊಟ್ಟಿದ್ದು ಸೊನ್ನೆ.

ಆಯಿತು ರತ್ನಮ್ಮ, ನೀನು ಎಲ್ಲೂ ಹೋಗಬೇಡ ಎಂದೆ. ಅದು ಸಾಲದು ಎಂದಳು. ಮೂವತ್ತೆರಡು ಅಂಗಡಿಯಲ್ಲಿ ತನ್ನ ಕೈ ಬಿಸಿ ಎಂದು ಹೇಳಿ ಬಂದಿದ್ದೀರಿ, ಮೂವತ್ತೆರಡು ಅಂಗಡಿಯಲ್ಲೂ ಯಾರ ಕೈ ಎಂದು ಹೇಳಿ ಬನ್ನಿ, ಆಮೇಲೆ ಗ್ರೈಂಡರ್ ಮುಟ್ಟುತ್ತೇನೆ. ಮೂವತ್ತೆರಡು. ನಾನು ಮೇಷ್ಟ್ರ ಕಡೆ ತಿರುಗಿದೆ. ಇಷ್ಟು ದಿನ ಅವರ ಜೊತೆ ಓಡಾಡಿ ನಾನೂ ನಾಲ್ಕು ಮಾತು ಕಲಿತಿದ್ದೆ.

"ಸ್ಯಾಂಪಲ್‌ಗೆ ಏರಿಯಾಕ್ಕೊಂದು ಅಂಗಡಿ ಸಾಕಾಗಲ್ವಾ ಸಾರ್? ಚೀಟಿ ಎತ್ತಿ?"

"ಇದಕ್ಕೆ ಸ್ಯಾಂಪಲ್ ಆಗಲ್ಲ. ಇದು ಜನಗಣತಿ ಥರ. ಒಂದು ಮನೆ ಬಿಡೋ ಹಾಗಿಲ್ಲ."

ಅಂಗಡಿ ಅಂಗಡಿಯಲ್ಲಿ ನಿಂತು ಹೇಳಿಕೊಂಡು ಹೋದರೆ ಹಿಟ್ಟು ಮತ್ತೆ ಬಿಸಿಲಿಗೆ ಕಾಯುತ್ತದೆ ಎಂದು ಕೊನೆಯ ನೆಪ ತೆಗೆದೆ. ಮೊದಲು ಹಿಟ್ಟು ಇಳಿಸಿಕೊಂಡು ಹೋಗಿ, ಖಾಲಿ ಗಾಡಿಯಲ್ಲಿ ವಾಪಸ್ ಬರುತ್ತಾ ತಪ್ಪು ಒಪ್ಪಿಕೊಳ್ಳಿ ಎಂದು ಅದಕ್ಕೂ ದಾರಿ ತೋರಿಸಿದರು.

ಹಾಗೇ ಮಾಡಿದೆ. ಯಶವಂತಪುರದ ಕೊನೆಯ ಅಂಗಡಿಯಿಂದ ಹಿಂದಕ್ಕೆ ಶುರು ಮಾಡಿದೆ. ಮೊದಲ ಅಂಗಡಿಯಲ್ಲಿ ಬಾಯಿ ಬಿಡಲು ಒಂದು ಸೋಡಾ ಕುಡಿಯಬೇಕಾಯಿತು. ಹತ್ತನೆಯದರ ಹೊತ್ತಿಗೆ ಮಾತು ಬಾಯಿಪಾಠವಾಯಿತು: ಆಕೆ ಕೈ ಸರಿಯಾಗಿದೆ, ಬಿಸಿಯಾಗಿದ್ದು ನನ್ನ ಗಾಡಿ, ನಿಲ್ಲಿಸಿದವನು ನಾನು. ಕೆಲವರು ನಕ್ಕರು. ಮತ್ತೀಕೆರೆಯ ಅಜ್ಜಿಯೊಬ್ಬರು, ಗಂಡಸರಿಗೆ ಇದು ಗೊತ್ತಾಗಲು ಕಂಪ್ಯೂಟರ್ ಬೇಕಾಯಿತೇ ಎಂದರು. ಇಪ್ಪತ್ತೊಂದನೇ ಅಂಗಡಿಯವರ ಮುಂದೆ ತಪ್ಪೊಪ್ಪಿಕೊಂಡು, ಅದೇ ಉಸಿರಿನಲ್ಲಿ ಫ್ರಿಜ್ ಆರಿಸುತ್ತೀರಾ ಎಂದು ಕೇಳಿದೆ. ರಾತ್ರಿ ಅಂಗಡಿ ಮುಚ್ಚುವಾಗ ಕರೆಂಟ್ ಉಳಿಸಲು ಆರಿಸುತ್ತೇನೆ, ಬೆಳಿಗ್ಗೆ ಹಾಕುತ್ತೇನಲ್ಲ ಎಂದು ಅವರು ಬಹಳ ಪ್ರಾಮಾಣಿಕವಾಗಿ ಹೇಳಿದರು. ದರ್ಶಿನಿಯ ಮುಂದೆ ಸ್ನೇಹಿತರು ಕೈ ಬೀಸಿದರು. ನಾನೂ ಬೀಸಿದೆ, ನಿಲ್ಲಿಸಲಿಲ್ಲ.

ಮಾರನೆಯ ದಿನ ವಾಪಸ್ ಬಂದದ್ದು ನಾಲ್ಕೇ ಪ್ಯಾಕೆಟ್ಟು. ಮೇಷ್ಟ್ರಿಗೆ ಓಡಿಹೋಗಿ ಹೇಳಿದೆ. ಒಂದು ದಿನದ ಅಂಕಿ, ಇನ್ನೂ ನೋಡೋಣ ಎಂದರು. ಯುಗಾದಿಯ ದಿನ ರತ್ನಮ್ಮ ಅವರ ಮನೆಗೆ ಹೋಗಿ ಒಬ್ಬಟ್ಟು ಕೊಟ್ಟು ಬಂದಳು. ನನಗೂ ಕೊಟ್ಟಳು, ಅವರಿಗಿಂತ ಒಂದು ಕಮ್ಮಿ. ನನ್ನ ಜೊತೆ ಮಾತು ಶುರು ಮಾಡಿದ್ದು ಅದಾದ ಒಂದು ವಾರಕ್ಕೆ.

ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ಒಂದು ಡಬ್ಬಿ ಇಡ್ಲಿ ತೆಗೆದುಕೊಂಡು ಹೋಗಿದ್ದೆವು, ನಾನೂ ರತ್ನಮ್ಮನೂ. ಡಾಕ್ಟರು ಏನಂದರು ಎಂದು ಕೇಳಿದೆ. ವಾಸಿಯಾಗುವ ಸಂಭವ ನೂರಕ್ಕೆ ಎಪ್ಪತ್ತು ಅಂದರಂತೆ. "ಚಿಕ್ಕ ವಯಸ್ಸಿನ ಡಾಕ್ಟ್ರು, ಕಮ್ಮಿ ಕೇಸ್ ನೋಡಿದಾರೆ. ನಾಲ್ಕು ಪ್ಯಾಕೆಟ್ಟಿನ ಅಂಗಡಿ ಥರ. ಸ್ವಲ್ಪ ಎಳೆದು ಐವತ್ತು ಅಂತ ಇಟ್ಕೊಂಡಿದೀನಿ" ಎಂದು ಅಂಗೈ ಅಲ್ಲಾಡಿಸಿದರು. ಇಡ್ಲಿ ಹೇಗಿದೆ ಎಂದು ರತ್ನಮ್ಮ ಕೇಳಿದಳು. ಅವರು ಅಂಗೈ ಎತ್ತಿದರು, ಅಲ್ಲಾಡಿಸುವುದಕ್ಕೆ ಮೊದಲೇ ಇಳಿಸಿದರು.

"ಚೆನ್ನಾಗಿದೆ" ಎಂದರು.

ಮೇಡಂ ಕುರ್ಚಿಯಿಂದ ತಿರುಗಿ ನೋಡಿದರು. ನಲವತ್ತು ವರ್ಷ ಅವರು ಕಾಯುತ್ತಿದ್ದ ಮಾತು, ಹೋಗಿ ರತ್ನಮ್ಮನ ಇಡ್ಲಿಗೆ ಸಿಕ್ಕಿತು.

ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟವನ ಹತ್ತಿರ ಈಗ ಏನಿದೆ ಎಂದು ಯಾರಾದರೂ ಕೇಳಿದರೆ, ಇಷ್ಟು ಇದೆ. ಗ್ರೈಂಡರ್ ಐದು. ಅಂಗಡಿ ಐವತ್ತಮೂರು. ವ್ಯಾನ್ ಎರಡು, ಡ್ರೈವರ್ ಮೂವರು, ಅದರಲ್ಲಿ ಮಂಗಳವಾರದವನು ನಾನು, ನನಗೂ ಕ್ಯಾಲೆಂಡರಿನಲ್ಲಿ ಸೊನ್ನೆ ಸುತ್ತುವ ಕೆಲಸ ಇದೆ. ರುಬ್ಬುವವರು ನಾಲ್ವರು, ಅವರ ಮೇಲೆ ರತ್ನಮ್ಮ. ಹಿಟ್ಟಿನ ಹೆಸರಿನಲ್ಲಿ ಅಕ್ಷರ ಮೊದಲಿದ್ದಷ್ಟೇ. ನೋಟ್ ಪುಸ್ತಕ ಹದಿನಾಲ್ಕು. ಮೇಡಂ ಕೊಟ್ಟ ಪೆನ್ಸಿಲ್ ಒಂದು, ಅರ್ಧ ಸವೆದದ್ದು. ನಿನ್ನೆ ಹುಳಿಯಾಗಿ ವಾಪಸ್ ಬಂದ ಪ್ಯಾಕೆಟ್ಟು ಮೂರು. ಯಾರ ಕೈ ಎಂದು ಇನ್ನೂ ಹೇಳಲಾರೆ.